ಬಂದಾಗ ನೋಡಿದ್ರಾಯ್ತು

2025ರ ದಸರೆ ನಮ್ಮಂಥ ಶಿಕ್ಷಕಿಯರ ಪಾಲಿಗೆ ರಜೆಯಾಗಿ ಬರಲಿಲ್ಲ. ಸೆಪ್ಟೆಂಬರ್ 22ರಿಂದ ರಾಜ್ಯ ಹಿಂದುಳಿದ ವರ್ಗಗಳ ಆಯೋಗದ ಸಮೀಕ್ಷೆ ಶುರುವಾಯಿತು. ಹೆಗಲಿಗೆ ಬ್ಯಾಗು, ಕೈಯಲ್ಲಿ ಮೊಬೈಲು, ಮನೆಬಾಗಿಲಿಗೆ ಅಂಟಿಸಿದ ಚೀಟಿ ಹುಡುಕುತ್ತ ಓಣಿಯಿಂದ ಓಣಿಗೆ ಅಲೆದೆವು. ಒಟ್ಟು 60 ಪ್ರಶ್ನೆಗಳು. ಬಿಸಿಲಿನ ಮಾತು ಬೇಡ, ರಾಯಚೂರಿನವರಿಗೆ ಅದನ್ನು ಹೇಳುವ ಅಗತ್ಯವಿಲ್ಲ. ಮನೆಯಲ್ಲಿ ಎಷ್ಟು ಜನ, ಯಾರು ಎಷ್ಟು ಓದಿದ್ದಾರೆ, ಹೊಲ ಎಷ್ಟು, ಕುರಿ ಕೋಳಿ ಎಷ್ಟು ಎಂಬುದಕ್ಕೆಲ್ಲ ಜನ ನಗುನಗುತ್ತ ಉತ್ತರ ಹೇಳಿದರು. ಚಹಾ ಕೊಟ್ಟರು. ಒಂದು ಪ್ರಶ್ನೆಗೆ ಮಾತ್ರ ಕೆಲವು ಮನೆಗಳಲ್ಲಿ ನಗು ನಿಂತುಹೋಯಿತು. ನಿಮ್ಮ ಧರ್ಮ ಯಾವುದು?

ಊರು, ಓಣಿ ಹೇಳುವುದಿಲ್ಲ. ಹೇಳಬಾರದೆಂಬ ನಿಯಮವಿದೆ, ಹೇಳುವ ಮನಸ್ಸೂ ನನಗಿಲ್ಲ. ಒಂದು ಮನೆಯಲ್ಲಿ ಗೋಡೆಗೆ ಶಿಲುಬೆಯ ಚಿತ್ರದ ಕ್ಯಾಲೆಂಡರು ತೂಗಿತ್ತು. ಕಪಾಟಿನ ಮೇಲೆ ಕಪ್ಪು ರಟ್ಟಿನ ಬೈಬಲ್ಲು. ಮನೆಯ ಯಜಮಾನ ಹೆಂಡತಿಯ ಮುಖ ನೋಡಿದ. ಹೆಂಡತಿ ನೆಲ ನೋಡಿದಳು. “ಅದನ್ನ ಬಿಟ್ಟು ಮುಂದಿಂದು ಕೇಳ್ರಿ ಟೀಚರಮ್ಮ” ಎಂದ. ಬಿಟ್ಟರೆ ಮೊಬೈಲು ಮುಂದಕ್ಕೆ ಹೋಗುವುದಿಲ್ಲ ಎಂದೆ. ಆಗ ಆ ಹೆಣ್ಣುಮಗಳು ಬಹಳ ಮೆಲ್ಲಗೆ ಹೇಳಿದಳು: “ಪಾಸ್ಟರು ಕೇಳಿದ್ರ ಒಂದು ಹೇಳ್ತೀವ್ರಿ, ತಹಶೀಲ ಕಚೇರ್ಯಾಗ ಕೇಳಿದ್ರ ಇನ್ನೊಂದು. ನೀವು ಯಾರ ಕಡೀಂದ ಬಂದೀರಿ ಅಂತ ತಿಳೀವಲ್ದು.”

“ಹಿಂಗೊಂದು ಸಮೀಕ್ಷೆ ಬರತದ ಅಂತ ತಿಂಗಳಿಂದ ಹೇಳಾಕತ್ತಾರ. ಮನಿಯಾಗ ಕುಂತು ಮಾತಾಡ್ಲಿಲ್ಲೇನವ್ವ?”

“ಬಂದಾಗ ನೋಡಿದ್ರಾಯ್ತು ಅಂತ ಬಿಟ್ಟಿದ್ವಿರಿ.”

ಅವರು ಕೊನೆಗೆ ಏನು ಹೇಳಿದರೋ ಅದನ್ನು ಬರೆದುಕೊಂಡು ಬಂದೆ. ಆದರೆ ಆ ಮಾತು ನನ್ನ ಬೆನ್ನು ಬಿಡಲಿಲ್ಲ.

ಓದುತ್ತಿರುವ ಸೋದರಿಯರೇ, ಈ ಗೊಂದಲ ಕ್ರೈಸ್ತರ ಮನೆಯದು ಮಾತ್ರ ಎಂದುಕೊಳ್ಳಬೇಡಿ. ಹಿಂದೂ ಎಂದು ಬರೆಸಬೇಕೋ ಲಿಂಗಾಯತ ಎಂದು ಬರೆಸಬೇಕೋ ಎಂದು ಅದೇ ದಿನಗಳಲ್ಲಿ ಮಠಗಳಿಂದ ಒಂದು ಮಾತು, ಮಹಾಸಭೆಯಿಂದ ಇನ್ನೊಂದು ಮಾತು ಬರುತ್ತಿತ್ತು. ಕೆಲವು ಜಾತಿಗಳ ಹೆಸರಿನ ಜೊತೆ ‘ಕ್ರಿಶ್ಚಿಯನ್’ ಎಂದು ಸೇರಿಸಿದ್ದಕ್ಕೆ ಗದ್ದಲವಾಗಿ, ಆಯೋಗ ಅಂಥ 33 ಹೆಸರುಗಳನ್ನು ಪಟ್ಟಿಯಲ್ಲಿ ಕಾಣದಂತೆ ಮಾಡಿತು. ಹೈಕೋರ್ಟು ಮಧ್ಯೆ ಬಂದು, ಮಾಹಿತಿ ಕೊಡುವುದು ಜನರ ಇಚ್ಛೆಗೆ ಬಿಟ್ಟದ್ದು, ಕೊಟ್ಟ ಮಾಹಿತಿ ಗುಟ್ಟಾಗಿರಬೇಕು ಎಂದಿತು. ಇಷ್ಟಾದರೂ ನಮ್ಮವರ ಹೆದರಿಕೆ ಬೇರೆಯೇ. ಅದರ ಬೇರು 75 ವರ್ಷ ಹಳೆಯದು.

1950ರ ರಾಷ್ಟ್ರಪತಿಗಳ ಆದೇಶವೊಂದಿದೆ. ಪರಿಶಿಷ್ಟ ಜಾತಿಯ ಸೌಲಭ್ಯ ಹಿಂದೂ ಧರ್ಮದವರಿಗೆ ಮಾತ್ರ ಎಂದು ಅದರ 3ನೇ ಪ್ಯಾರಾ ಹೇಳಿತು. 1956ರಲ್ಲಿ ಸಿಖ್ಖರನ್ನು, 1990ರಲ್ಲಿ ಬೌದ್ಧರನ್ನು ಸೇರಿಸಿದರು. ಕ್ರೈಸ್ತರನ್ನೂ ಮುಸಲ್ಮಾನರನ್ನೂ ಸೇರಿಸಲಿಲ್ಲ. ಕೇರಿಯಲ್ಲಿ ಹುಟ್ಟಿದವಳು ದೀಕ್ಷಾಸ್ನಾನ ಮಾಡಿಸಿಕೊಂಡ ಮರುದಿನ ಊರವರು ಅವಳಿಗೆ ಹೋಟೆಲಿನಲ್ಲಿ ಬೇರೆ ಲೋಟವನ್ನೇ ಕೊಡುತ್ತಾರೆ. ಸರಕಾರ ಮಾತ್ರ, ನೀನೀಗ ಆ ಜಾತಿಯವಳಲ್ಲ ಎನ್ನುತ್ತದೆ. ನಮ್ಮ ರಾಜ್ಯದಲ್ಲಿ ಹಿಂದುಳಿದ ವರ್ಗಗಳ ಪ್ರವರ್ಗ 1ರಲ್ಲಿ ಜಾಗ ಕೊಟ್ಟಿದ್ದಾರೆ, ಆದರೆ ಎರಡೂ ಒಂದೇ ಅಲ್ಲವೆಂದು ಹಾಸ್ಟೆಲಿಗೆ ಅರ್ಜಿ ಹಾಕಿದ ಯಾವ ಹುಡುಗಿಯಾದರೂ ಹೇಳಿಯಾಳು. 2024ರ ನವೆಂಬರಿನಲ್ಲಿ ಪುದುಚೇರಿಯ ಮಹಿಳೆಯೊಬ್ಬರ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಕ್ರೈಸ್ತ ಧರ್ಮ ಪಾಲಿಸುತ್ತ ಪರಿಶಿಷ್ಟ ಜಾತಿಯ ಪ್ರಮಾಣಪತ್ರ ಕೇಳುವಂತಿಲ್ಲ ಎಂದು ಮತ್ತೊಮ್ಮೆ ಹೇಳಿತು.

ನಿಜ ಹೇಳಿದವರಿಗೆ ದಂಡ ಹಾಕುವ ಕಾನೂನು ಇದು ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಆದ್ದರಿಂದ ಎರಡು ಹೆಸರು ಇಟ್ಟುಕೊಂಡ ಬಡವರ ಮೇಲೆ ಕಲ್ಲೆಸೆಯಲು ನಾನು ಪೆನ್ನು ಹಿಡಿದಿಲ್ಲ. ನನ್ನ ಜಗಳ ಬೇರೆಯವರ ಜೊತೆ. ಪ್ರತಿ ಭಾನುವಾರ ಮೈಕು ಹಿಡಿದು ಬೆಂಕಿಯ ಕುಲುಮೆಯ ಬಗ್ಗೆ, ಸಿಂಹದ ಗವಿಯ ಬಗ್ಗೆ ಪ್ರಸಂಗ ಮಾಡಿ, ಸೋಮವಾರ ಆ ಹೆಣ್ಣುಮಗಳು ತಹಶೀಲ ಕಚೇರಿಯಲ್ಲಿ ಏನು ಬರೆಸಬೇಕು ಎಂಬುದನ್ನು ಒಮ್ಮೆಯೂ ಮಾತಾಡದ ನಮ್ಮ ಹಿರಿಯರ ಜೊತೆ. “ಕಷ್ಟ ನಿಮ್ಮ ಹತ್ತಿರ ಸುಳಿಯುವುದಿಲ್ಲ, ನಂಬಿರಿ” ಎಂದು ಕೂಟಗಳಲ್ಲಿ ಕೂಗಿ ಕಾಣಿಕೆ ಚೀಲ ತಿರುಗಿಸುವವರ ಜೊತೆ. ಮತ್ತು ತಿಂಗಳಿಗೆ ಸರಿಯಾಗಿ ಸಂಬಳ ಎಣಿಸಿಕೊಳ್ಳುವ ನನ್ನಂಥ ಓದಿದ ಹೆಂಗಸರ ಜೊತೆ. ಕಷ್ಟ ಬಂದಾಗ ದೇವರಿಗೆ ವಿಧೇಯಳಾಗಬೇಕೋ ಬೇಡವೋ ಎಂದು ಕಷ್ಟ ಬಂದಾಗ ನೋಡೋಣ ಎನ್ನುವುದೇ ಒಂದು ಉತ್ತರ. ಬೇಡ ಎಂದು ಆಗಲೇ ಹೇಳಿ ಆಗಿದೆ, ನಮಗಿನ್ನೂ ಗೊತ್ತಾಗಿಲ್ಲ ಅಷ್ಟೆ.

ನನ್ನ ಅಪ್ಪನ ವಿಷಯ ಹೇಳಬೇಕು. ರಾಯಚೂರಿನ ಒಂದು ಜಿನ್ನಿಂಗ್ ಮಿಲ್ಲಿನಲ್ಲಿ ಅರಳೆ ತೂಗುವ ಕೆಲಸ ಅವನದು. ಓದಿದ್ದು 7ನೇ ತರಗತಿ. ಊರಿನಿಂದ ಸೈಕಲ್ಲಿನಲ್ಲಿ ಬಂದು ಹೋಗುತ್ತಿದ್ದ. 1974ರ ಜೂನಿನಲ್ಲಿ ನನ್ನನ್ನು ಶಾಲೆಗೆ ಸೇರಿಸಲು ಕರೆದುಕೊಂಡು ಹೋದ. ಹೆಡ್‌ಮಾಸ್ಟರು ಒಳ್ಳೆಯವರು. ಅಪ್ಪನ ಕಿವಿಯ ಹತ್ತಿರ ಬಗ್ಗಿ, “ಇಲ್ಲಿ ಬ್ಯಾರೆ ಬರಿಯೋಣೇನಪಾ, ಹುಡಿಗಿ ಮುಂದಿನ ದಾರಿಗೆ ಅನುಕೂಲ ಆಗ್ತದ” ಎಂದರಂತೆ. ಅಪ್ಪ, “ಇದ್ದದ್ದು ಬರೀರಿ ಸಾರ್” ಎಂದನಂತೆ. ಅಷ್ಟೇ. ಕೈಕಾಲು ನಡುಗಲಿಲ್ಲ, ಪ್ರಾರ್ಥನೆ ಮಾಡಲು ಸಮಯ ಕೇಳಲಿಲ್ಲ. ಅವ್ವ ಮುಂದೆ ಹೇಳಿದಳು, ನಾನು ಹೊಟ್ಟೆಯಲ್ಲಿದ್ದಾಗಲೇ ಅವರಿಬ್ಬರೂ ಆ ಮಾತು ಮಾತಾಡಿ ಮುಗಿಸಿದ್ದರಂತೆ.

ಹನ್ನೊಂದು ವರ್ಷದ ನಂತರ ಆ ಮಾತಿನ ಬಿಲ್ಲು ನನ್ನ ಕೈಗೆ ಬಂತು. ನಮ್ಮ ಕೇರಿಯದೇ ಗೆಳತಿಗೆ, ನನಗಿಂತ ಕಡಿಮೆ ಅಂಕ ಬಂದವಳಿಗೆ, ರಾಯಚೂರಿನಲ್ಲಿ ಹಾಸ್ಟೆಲ್ ಸೀಟು ಸಿಕ್ಕಿತು. ನನಗೆ ಸಿಗಲಿಲ್ಲ. ಆ ರಾತ್ರಿ ನಾನು ಅಪ್ಪನಿಗೆ ಅಂದದ್ದು ನೆನೆದರೆ ಇವತ್ತಿಗೂ ಮೈ ಜುಮ್ಮೆನ್ನುತ್ತದೆ. “ನಿನ್ನ ದೇವರಿಗೆ ನೀನು ವಿಧೇಯನಾಗು, ಬ್ಯಾಡನ್ನಂಗಿಲ್ಲ. ನನ್ನ ಸೀಟ್ಯಾಕ ಕೊಟ್ಟಿ?” ಅಪ್ಪ ಉತ್ತರ ಕೊಡಲಿಲ್ಲ. ಒಳಗೆ ಹೋಗಿ ಟ್ರಂಕಿನಿಂದ ಅಂಚೆ ಕಚೇರಿಯ ಪಾಸ್‌ಬುಕ್ಕು ತಂದು ನನ್ನ ಮುಂದಿಟ್ಟ. ತಿಂಗಳಿಗೆ 5 ರೂಪಾಯಿ. ಮೊದಲ ಜಮೆ 1974ರ ಜೂನ್, ನನ್ನನ್ನು ಶಾಲೆಗೆ ಸೇರಿಸಿದ ಅದೇ ವಾರದ್ದು. ಸಿಗದೇ ಹೋಗುವ ಸೀಟಿಗೆ ಆ ಮನುಷ್ಯ ಹನ್ನೊಂದು ವರ್ಷ ಮೊದಲೇ ದುಡ್ಡು ಕೂಡಿಸಲು ಶುರು ಮಾಡಿದ್ದ. ಅದರಲ್ಲಿ ಎರಡು ವರ್ಷದ ಬಸ್ ಪಾಸು, ಪುಸ್ತಕ, ಪರೀಕ್ಷೆ ಫೀ ಎಲ್ಲ ಆಯಿತು. ಹಾಸ್ಟೆಲಿನ ಊಟವಂತೂ ಸಿಗಲಿಲ್ಲ, ರೊಟ್ಟಿ ಕಟ್ಟಿಕೊಂಡು ಹೋಗುತ್ತಿದ್ದೆ.

ಮಕ್ಕಳ ಪರವಾಗಿ ತಂದೆತಾಯಿ ಇಂಥ ನಿರ್ಧಾರ ಮಾಡಬಹುದೇ? ನನ್ನನ್ನು ಬಹಳ ದಿನ ಕಾಡಿದ ಪ್ರಶ್ನೆ ಇದು, ಪೂರ್ತಿ ಉತ್ತರ ಇನ್ನೂ ಸಿಕ್ಕಿಲ್ಲ. ತಮ್ಮ ಭಕ್ತಿಯ ಹೆಸರಿನಲ್ಲಿ ಮಕ್ಕಳನ್ನು ಉಪವಾಸ ಕೆಡವಿ, ‘ದೇವರು ನೋಡಿಕೊಳ್ಳುತ್ತಾನೆ’ ಎಂದು ಕೈಚೆಲ್ಲಿ ಕೂತವರನ್ನೂ ಕಂಡಿದ್ದೇನೆ. ಅವರ ಮೇಲೆ ನನಗೆ ಗೌರವವಿಲ್ಲ. ಅಪ್ಪ ಹಾಗೆ ಮಾಡಲಿಲ್ಲ. ಬೆಲೆ ಎಷ್ಟೆಂದು ಲೆಕ್ಕ ಹಾಕಿದ, ಅದರಲ್ಲಿ ನನ್ನ ಪಾಲು ಎಷ್ಟೆಂದೂ ಲೆಕ್ಕ ಹಾಕಿದ, ಮತ್ತು ನನ್ನ ಪಾಲನ್ನು ತಾನೇ ಕಟ್ಟಲು ಹೊರಟ.

ದಾನಿಯೇಲನ ಕಥೆಯನ್ನು ನಮ್ಮ ಸಂಡೇ ಸ್ಕೂಲುಗಳಲ್ಲಿ ಹೇಳುವ ರೀತಿ ನನಗೆ ಒಪ್ಪಿಗೆಯಿಲ್ಲ. ನೇರವಾಗಿ ಸಿಂಹಗಳ ಗವಿಗೆ ಹೋಗಿಬಿಡುತ್ತಾರೆ. ಮಕ್ಕಳಿಗೆ ಸಿಂಹ ಬೇಕು, ಸರಿ. ಆದರೆ ಆ ಪುಸ್ತಕ ಶುರುವಾಗುವುದು ಅಡಿಗೆಮನೆಯಿಂದ. ಸೆರೆಯಾಗಿ ಬಾಬಿಲೋನಿಗೆ ಹೋದ ಹುಡುಗ, ಅರಮನೆಯಲ್ಲಿ ರಾಜನ ಊಟ ಕೊಡುತ್ತೇವೆಂದಾಗ, ಅದನ್ನು ಮುಟ್ಟುವುದಿಲ್ಲವೆಂದು ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡ. ಕಾಯಿಪಲ್ಯೆ, ನೀರು ಸಾಕೆಂದ. ಜಗಳವಾಡಲಿಲ್ಲ, ಮೇಲ್ವಿಚಾರಕನ ಹತ್ತಿರ ನಯವಾಗಿ ಮಾತಾಡಿ ಹತ್ತು ದಿನ ಪರೀಕ್ಷೆ ಮಾಡಿ ನೋಡಿ ಎಂದು ಕೇಳಿಕೊಂಡ. ಆಗ ಸಿಂಹ ಎಲ್ಲಿತ್ತು? ಸಿಂಹದ ಗವಿಗೆ ಅವನನ್ನು ಹಾಕಿದ್ದು ಅರವತ್ತು ವರ್ಷಕ್ಕೂ ಮೇಲೆ, ಮುದುಕನಾದ ಮೇಲೆ. ಆ ದಿನ ಅವನೇನು ಹೊಸ ಶಪಥ ಮಾಡಿದ? ಏನೂ ಇಲ್ಲ. ಮನೆಗೆ ಹೋದ, ಎಂದಿನಂತೆ ಕಿಟಕಿ ತೆರೆದು, ಎಂದಿನಂತೆ ದಿನಕ್ಕೆ ಮೂರು ಸಲ ಮೊಣಕಾಲೂರಿದ. ಆ ‘ಎಂದಿನಂತೆ’ಯಲ್ಲಿ ಎಲ್ಲವೂ ಇದೆ. ತಟ್ಟೆಯ ಮುಂದೆ ಗೆಲ್ಲದವನು ಸಿಂಹದ ಮುಂದೆ ಗೆಲ್ಲುತ್ತಾನೆಂದು ನಾವು ಮಕ್ಕಳಿಗೆ ಯಾವ ಧೈರ್ಯದಿಂದ ಹೇಳುತ್ತಿದ್ದೇವೆ?

ಪೇತ್ರನನ್ನು ನೋಡಿ. ಅವನೂ ಮೊದಲೇ ನಿರ್ಧರಿಸಿದವನೇ ಅಲ್ಲವೇ ಎಂದು ನೀವು ಕೇಳಬಹುದು. ಎಲ್ಲರೂ ಬಿಟ್ಟುಹೋದರೂ ನಾನು ಬಿಡೆನು ಎಂದು ಊಟದ ರಾತ್ರಿ ಎಲ್ಲರಿಗಿಂತ ಜೋರಾಗಿ ಹೇಳಿದವನು ಅವನು. ಕೋಳಿ ಕೂಗುವಷ್ಟರಲ್ಲಿ ಒಬ್ಬ ಕೆಲಸದ ಹುಡುಗಿಯ ಪ್ರಶ್ನೆಗೆ ಹೆದರಿ ಮೂರು ಸಲ ಅಲ್ಲವೆಂದ. ನನ್ನ ಮಟ್ಟಿಗೆ ಇದಕ್ಕೆ ಉತ್ತರ ಆ ಎರಡು ಘಟನೆಗಳ ನಡುವೆ ಇದೆ. ಗೆತ್ಸೆಮನೆ ತೋಟದಲ್ಲಿ ಯೇಸು ಬೆವರಿ ಬೆವರಿ ಪ್ರಾರ್ಥಿಸುತ್ತ, ಬರಲಿರುವುದನ್ನು ಕಣ್ಣಿಟ್ಟು ನೋಡಿ, ಒಪ್ಪಿಕೊಂಡು ಎದ್ದರು. ಹತ್ತಿರದಲ್ಲೇ ಪೇತ್ರ ನಿದ್ದೆ ಹೋಗಿದ್ದ. ಅವನು ಮಾಡಿದ್ದು ಘೋಷಣೆ. ನಿರ್ಧಾರ ಮಾಡಬೇಕಾದ ಹೊತ್ತಿನಲ್ಲಿ ಮಲಗಿದ್ದ. ನಮ್ಮ ಕೂಟಗಳಲ್ಲಿ ಕೈಯೆತ್ತಿಸಿ, ಕಣ್ಣೀರು ಹಾಕಿಸಿ ಮಾಡಿಸುವ ಪ್ರತಿಜ್ಞೆಗಳೆಲ್ಲ ಹೆಚ್ಚಿನಂಶ ಈ ಜಾತಿಯವು. ಮನೆಗೆ ಬಂದು ಗಂಡಹೆಂಡತಿ ಕೂತು, ನಾಳೆ ವರದಕ್ಷಿಣೆಯ ಮಾತು ಬಂದರೆ ಏನು ಹೇಳೋಣ, ಲಂಚ ಕೇಳಿದರೆ ಏನು ಮಾಡೋಣ ಎಂದು ಹತ್ತು ನಿಮಿಷ ಮಾತಾಡಿದ್ದರೆ ಅದಕ್ಕೆ ಬೆಲೆ ಇರುತ್ತಿತ್ತು.

ಎರಿಕ್ ಲಿಡ್ಡೆಲ್ ಎಂಬ ಸ್ಕಾಟ್‌ಲೆಂಡಿನ ಓಟಗಾರನ ಹೆಸರನ್ನು ನಮ್ಮ ಕ್ರೀಡಾಕೂಟದ ಭಾಷಣಗಳಲ್ಲಿ ನಾನು ತಪ್ಪದೆ ಹೇಳುತ್ತೇನೆ. 1924ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ 100 ಮೀಟರ್ ಓಟದ ಪ್ರಾಥಮಿಕ ಸುತ್ತು ಭಾನುವಾರ ಬಂತು. ಅದು ಪ್ರಭುವಿನ ದಿನ, ಓಡುವುದಿಲ್ಲ ಎಂದ. ಅವನ ಕಥೆಯ ಮೇಲೆ 1981ರಲ್ಲಿ ‘ಚಾರಿಯಟ್ಸ್ ಆಫ್ ಫೈರ್’ ಎಂಬ ಸಿನಿಮಾ ಬಂತು, ಆಸ್ಕರ್ ಕೂಡ ಗೆದ್ದಿತು. ಸಿನಿಮಾದಲ್ಲಿ ಅವನಿಗೆ ಈ ಸುದ್ದಿ ಗೊತ್ತಾಗುವುದು ಹಡಗು ಹತ್ತುವಾಗ. ಆಮೇಲೆ ತಳಮಳ, ದೊಡ್ಡವರ ಒತ್ತಾಯ, ಕೊನೆಯ ಗಳಿಗೆಯ ದೃಢತೆ. ನೋಡಲು ಚೆನ್ನಾಗಿದೆ. ನಡೆದದ್ದು ಹಾಗಲ್ಲ. ವೇಳಾಪಟ್ಟಿ ಎಷ್ಟೋ ತಿಂಗಳು ಮೊದಲೇ ಬಂದಿತ್ತು, ಅವನು ಆಗಲೇ ಇಲ್ಲವೆಂದು ಹೇಳಿ, ಉಳಿದ ತಿಂಗಳುಗಳನ್ನು 400 ಮೀಟರ್ ಓಟದ ತಯಾರಿಗೆ ಬಳಸಿದ. 47.6 ಸೆಕೆಂಡಿನಲ್ಲಿ ಓಡಿ ಚಿನ್ನ ಗೆದ್ದ. ಕೊನೆಯ ಗಳಿಗೆಯಲ್ಲಿ ನಿರ್ಧರಿಸಿದ್ದರೆ ಆ ತಯಾರಿ ಎಲ್ಲಿಂದ ಬರುತ್ತಿತ್ತು? ಮುಂದೆ ಚೀನಾದಲ್ಲಿ ಮಿಷನರಿಯಾಗಿದ್ದು, 1945ರಲ್ಲಿ ಜಪಾನಿಯರ ಬಂದೀಖಾನೆಯ ಶಿಬಿರದಲ್ಲಿ ಕಾಯಿಲೆಯಿಂದ ತೀರಿಕೊಂಡ. ಆ ಭಾಗವನ್ನು ಸಿನಿಮಾದವರು ಕೊನೆಗೆ ಅಕ್ಷರಗಳಲ್ಲಿ ತೋರಿಸಿ ಮುಗಿಸುತ್ತಾರೆ.

ಇಷ್ಟೆಲ್ಲ ಬರೆಯುವ ನಾನು ಯಾವ ಯೋಗ್ಯತೆಯವಳು ಎಂದು ಕೇಳುವ ಹಕ್ಕು ನಿಮಗಿದೆ. ಹೇಳುತ್ತೇನೆ.

1997ರ ಎಸ್ಸೆಸ್ಸೆಲ್ಸಿ ಪರೀಕ್ಷೆ. ನೌಕರಿಗೆ ಸೇರಿ ಮೂರು ವರ್ಷವಾಗಿತ್ತು. ಜಿಲ್ಲೆಯ ಒಂದು ಊರಿನ ಕೇಂದ್ರಕ್ಕೆ ಕೊಠಡಿ ಮೇಲ್ವಿಚಾರಕಿಯಾಗಿ ಹಾಕಿದ್ದರು. ಗಣಿತದ ಪತ್ರಿಕೆಯ ದಿನ. ಬೆಳಿಗ್ಗೆ ನಾವು ಹೋದ ಕೂಡಲೆ ಒಗ್ಗರಣಿ, ಮಿರ್ಚಿ, ಚಹಾ ಬಂತು. ಕೇಂದ್ರದ ಹಿರಿಯರೊಬ್ಬರು ಬಹಳ ಅಕ್ಕರೆಯಿಂದ, “ಬಡವರ ಮಕ್ಕಳು ಅಕ್ಕಾರ, ಸ್ವಲ್ಪ ನೋಡಿಕೊಂಡು ಹೋಗ್ರಿ” ಎಂದರು. ಹೆದರಿಸಲಿಲ್ಲ. ದುಡ್ಡು ತೋರಿಸಲಿಲ್ಲ. ಹಿಂದಿನ ಭಾನುವಾರವಷ್ಟೇ ಗಾಯಕವೃಂದದಲ್ಲಿ ನಿಂತು ನಾನು ಸಾಯುವವರೆಗೂ ನಂಬಿಗಸ್ತಳಾಗಿರುತ್ತೇನೆಂದು ಹಾಡಿದ್ದೆ. ಸಿಂಹ ಬಂದಿದ್ದರೆ ಗುರುತು ಹಿಡಿಯುತ್ತಿದ್ದೆನೋ ಏನೋ. ಅದು ಮಿರ್ಚಿಯಾಗಿ ಬಂತು.

ಅರ್ಧ ಗಂಟೆಯ ನಂತರ ಕಿಟಕಿಯಿಂದ ಚೀಟಿಗಳು ಬೀಳತೊಡಗಿದವು. ನಾನು ಬಾಗಿಲ ಹತ್ತಿರ ಹೋಗಿ ಹೊರಗೆ ಮುಖ ಮಾಡಿ ನಿಂತೆ. ಎದುರಿಗೆ ಒಂದು ಬೇವಿನ ಮರ, ಅದರ ಕೆಳಗೆ ಆಡುಗಳು. ಆಡು ಎಣಿಸಿದೆ. ಎಣಿಸಿ ಮುಗಿದ ಮೇಲೆ ಮತ್ತೆ ಎಣಿಸಿದೆ. ಒಮ್ಮೆ ತಿರುಗಿದಾಗ ಮೂರನೇ ಸಾಲಿನ ಒಬ್ಬ ಹುಡುಗ ನನ್ನನ್ನೇ ನೋಡುತ್ತಿದ್ದ. ಅವನ ಡೆಸ್ಕಿನ ಮೇಲೆ ಚೀಟಿ ಇರಲಿಲ್ಲ. ಅವನು ಎರಡು ವರ್ಷ ನನ್ನ ಸಂಡೇ ಸ್ಕೂಲಿನಲ್ಲಿ ಕೂತವನು. ದಾನಿಯೇಲನ ಕಥೆಯನ್ನು ಅವನಿಗೆ ಹೇಳಿದವಳು ನಾನೇ. ಅವನು ಮತ್ತೆ ತಲೆ ತಗ್ಗಿಸಿ ಬರೆಯತೊಡಗಿದ. ನಾನು ಮತ್ತೆ ಬಾಗಿಲ ಕಡೆ ತಿರುಗಿದೆ.

ಆ ಕೊಠಡಿಯಲ್ಲಿ ಬಹಳ ಜನ ಪಾಸಾದರು. ಅವನು ಗಣಿತದಲ್ಲಿ ಫೇಲಾದ. ಆಮೇಲೆ ಅವರ ಮನೆಯವರು ಕೆಲಸ ಹುಡುಕಿಕೊಂಡು ಬೇರೆ ಊರಿಗೆ ಹೋದರೆಂದು ಕೇಳಿದೆ. ಯಾವ ಊರು ಎಂದು ಯಾರನ್ನೂ ಕೇಳುವ ಧೈರ್ಯ ನನಗಾಗಲಿಲ್ಲ.

ನಾನು ಆ ದಿನ ಕೆಟ್ಟವಳಾದೆನೇ? ಇಲ್ಲ, ಆ ದಿನ ನಾನು ಏನೂ ಆಗಲಿಲ್ಲ. ಮೊದಲಿನಿಂದ ಏನಾಗಿದ್ದೆನೋ ಅದು ಆ ದಿನ ಹೊರಗೆ ಕಂಡಿತು. ನಮ್ಮ ಕಡೆಯವರಿಗೆ ತುಂಗಭದ್ರೆಯ ಉದಾಹರಣೆ ಬೇಗ ತಿಳಿಯುತ್ತದೆ. 2024ರ ಆಗಸ್ಟ್ 10ರ ರಾತ್ರಿ, ತುಂಬಿದ ಜಲಾಶಯದ 19ನೇ ಗೇಟಿನ ಚೈನು ತುಂಡಾಗಿ ಗೇಟೇ ಕೊಚ್ಚಿಹೋಯಿತಲ್ಲ, ಮಾನ್ವಿ, ಸಿಂಧನೂರಿನ ಕಾಲುವೆಯ ಕೊನೆಯ ಭಾಗದ ರೈತರು ಭತ್ತದ ಗತಿಯೇನೆಂದು ಎದೆ ಹಿಡಿದುಕೊಂಡು ಕೂತರಲ್ಲ. ಚೈನು ತುಂಡಾದದ್ದು ಆ ರಾತ್ರಿ. ಅದು ಸವೆದದ್ದು ಆ ರಾತ್ರಿಯೇ? ಏಳು ದಶಕ ನೀರಿನ ಭಾರ ಹೊತ್ತದ್ದನ್ನು ಯಾರು ಯಾವಾಗ ನೋಡಬೇಕಿತ್ತೋ ಆಗ ನೋಡಲಿಲ್ಲ. ಪ್ರವಾಹ ಬಂದ ಮೇಲೆ ಚೈನು ಬದಲಿಸಲು ಆಗುವುದಿಲ್ಲ.

ಆ ವರ್ಷ ಮೇ ತಿಂಗಳಲ್ಲಿ ಎಲ್ಲವನ್ನೂ ನಮ್ಮ ಮನೆಯವರಿಗೆ ಹೇಳಿದೆ. ಅವರು ಬಯ್ಯಲಿಲ್ಲ, ಸಮಾಧಾನವನ್ನೂ ಮಾಡಲಿಲ್ಲ. ಒಂದು ಹಾಳೆ ತಂದು, “ಮುಂದಿನ ಸಲ ಇಲ್ಲ ಅಂದ್ರ ಏನೇನ್ ಆಗಬಹುದು, ಹೇಳು” ಎಂದರು. ವರ್ಗ. ಬಡ್ತಿಗೆ ಅಡ್ಡಿ. ಶಾಲೆಯಲ್ಲಿ ಯಾರೂ ಮಾತಾಡಿಸದಿರುವುದು. ಒಂದೊಂದಕ್ಕೂ ಎದುರಿಗೆ ಖರ್ಚು ಬರೆದೆವು. ದೂರ ಹಾಕಿದರೆ ಬಸ್ಸಿಗೆ ಎಷ್ಟು, ಮಗಳನ್ನು ಯಾರು ನೋಡಿಕೊಳ್ಳಬೇಕು, ಅತ್ತೆಯವರ ಔಷಧಿಗೆ ಏನು ಮಾಡುವುದು. ಅಪ್ಪನ ಪಾಸ್‌ಬುಕ್ಕು ನನಗೆ ಅರ್ಥವಾದದ್ದು ಆ ಸಂಜೆ. ಜೂನಿನಲ್ಲಿ ಶಾಲೆ ಶುರುವಾದ ವಾರವೇ ಮುಖ್ಯೋಪಾಧ್ಯಾಯರಿಗೆ ಬರೆದು ಕೊಟ್ಟೆ: ಪರೀಕ್ಷಾ ಕೆಲಸಕ್ಕೆ ನನ್ನನ್ನು ಹಾಕಿದರೆ ನಕಲು ಮಾಡಲು ಬಿಡುವುದಿಲ್ಲ, ಬೇಡವಾದರೆ ಹಾಕಬೇಡಿ. ಮಾರ್ಚಿನಲ್ಲಿ ಹೇಳಿದರೆ ಅದು ಜಗಳವಾಗುತ್ತದೆ. ಜೂನಿನಲ್ಲಿ ಹೇಳಿದರೆ ಮಾಹಿತಿ.

ಎರಡನೇ ವರ್ಷ ಬೆಲೆ ಕಟ್ಟಬೇಕಾಯಿತು. ಎರಡು ಬಸ್ಸು ಬದಲಿಸಿ ಹೋಗುವ ಹಳ್ಳಿಗೆ ಹಾಕಿದರು, ನಾಲ್ಕು ವರ್ಷ. ಕಾರಣ ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಬೆಳಿಗ್ಗೆ ನಾನು ಹೊರಡುವಾಗ ಮಗಳು ಮಲಗಿರುತ್ತಿದ್ದಳು, ರಾತ್ರಿ ಬರುವಷ್ಟರಲ್ಲಿ ಮತ್ತೆ ಮಲಗಿರುತ್ತಿದ್ದಳು. ಅವಳ ಹಾಲುಹಲ್ಲು ಬಿದ್ದದ್ದು ನನಗೆ ಮೂರು ದಿನದ ಮೇಲೆ ಗೊತ್ತಾಯಿತು. ಇದನ್ನು ಬೆಂಕಿಯ ಕುಲುಮೆ ಎಂದು ಸಾಕ್ಷಿ ಹೇಳಿದರೆ ದೇವರೇ ನಕ್ಕಾನು. ಆದರೂ ಒಬ್ಬ ತಾಯಿಗೆ ಅದು ಸಣ್ಣದಲ್ಲ. ಅಳುತ್ತಿದ್ದೆ, ಆದರೆ ‘ಏನು ಮಾಡಲಿ’ ಎಂದು ಒಂದು ದಿನವೂ ಒದ್ದಾಡಲಿಲ್ಲ. ಅದನ್ನು ಹಾಳೆಯ ಮೇಲೆ ಮೊದಲೇ ಬರೆದಾಗಿತ್ತು.

2024ರಲ್ಲಿ ಸರಕಾರ ಎಸ್ಸೆಸ್ಸೆಲ್ಸಿ ಕೊಠಡಿಗಳಿಗೆ ಕ್ಯಾಮೆರಾ ಹಾಕಿ ವೆಬ್‌ಕಾಸ್ಟಿಂಗ್ ಮಾಡಿತು. ಹಿಂದಿನ ವರ್ಷ ಶೇ 83.89 ಇದ್ದ ಫಲಿತಾಂಶ 73.40ಕ್ಕೆ ಇಳಿಯಿತು. ಅದೂ ಕೃಪಾಂಕವನ್ನು ಶೇ 10ರಿಂದ 20ಕ್ಕೆ ಏರಿಸಿದ ಮೇಲೆ. ನಮ್ಮ ನೆರೆಯ ಯಾದಗಿರಿ ಶೇ 50.59ರೊಂದಿಗೆ ಕೊನೆಯ ಸ್ಥಾನದಲ್ಲಿ ನಿಂತಿತು, ನಾವೂ ಹೆಚ್ಚು ಮುಂದೆ ಇರಲಿಲ್ಲ. ಸಹೋದ್ಯೋಗಿಯೊಬ್ಬರು, “ಈಗ ನಿಮಗ ಆರಾಮಾತು ಬಿಡ್ರಿ ಮೇಡಂ, ಕ್ಯಾಮೆರಾನೇ ನೋಡ್ಕೋತದ” ಎಂದರು. ಆರಾಮೇನೋ ಹೌದು. ಆದರೆ ಇಷ್ಟು ವರ್ಷ ಆ ಅಂಕಿಗಳನ್ನು ಕೊಟ್ಟವರು ಯಾರು? ನಾವೇ ಅಲ್ಲವೇ, ಬಾಗಿಲ ಕಡೆ ಮುಖ ಮಾಡಿ ಆಡು ಎಣಿಸಿದವರು? ಎಲ್ಲ ಮತದವರೂ ಇದ್ದೆವು ಅದರಲ್ಲಿ. ಮೇಲಿನವನು ನೋಡುತ್ತಾನೆಂದು ಬೆಳಗಿನ ಪ್ರಾರ್ಥನೆಯಲ್ಲಿ ಮಕ್ಕಳಿಂದ ಹಾಡಿಸಿ, ಕ್ಯಾಮೆರಾ ನೋಡಿದಾಗ ಮಾತ್ರ ನೆಟ್ಟಗಾದೆವು.

ಇದು ಬರೀ ನಿಮ್ಮ ಬೈಬಲ್ಲಿನ ಮಾತು ಎಂದು ಪಕ್ಕಕ್ಕಿಡುವವರು ನಮ್ಮ ಜಿಲ್ಲೆಯದೇ ಹೆಣ್ಣುಮಗಳನ್ನು ನೆನೆಯಲಿ. ಲಿಂಗಸುಗೂರು ತಾಲೂಕಿನ ಅಮರೇಶ್ವರದ ಆಯ್ದಕ್ಕಿ ಲಕ್ಕಮ್ಮ. ಕಲ್ಯಾಣದಲ್ಲಿ ಗಂಡ ಮಾರಯ್ಯ ದಿನಾ ಬಿದ್ದ ಅಕ್ಕಿ ಆಯ್ದು ತರುವವನು, ಒಂದು ದಿನ ಹೆಚ್ಚಿಗೆ ತಂದ. ಲಕ್ಕಮ್ಮ ಹೆಚ್ಚಾದದ್ದನ್ನು ತೆಗೆದುಕೊಂಡು ಹೋಗಿ ಅಲ್ಲಿಯೇ ಸುರಿದು ಬಾ ಎಂದು ಕಳಿಸಿದಳು. ಮನೆಯಲ್ಲಿ ಹೊನ್ನಿನ ರಾಶಿ ಇರಲಿಲ್ಲ, ಇದ್ದದ್ದು ಬಡತನ. ಆದರೂ ಅವಳು ತಡವರಿಸಲಿಲ್ಲ, ಯಾಕೆಂದರೆ ನಮಗೆ ಎಷ್ಟು ಸಾಕು ಎಂಬುದು ಆ ಮನೆಯಲ್ಲಿ ಮೊದಲೇ ತೀರ್ಮಾನವಾಗಿತ್ತು. ಅವಳ ಪರೀಕ್ಷೆಯೂ ಅಡಿಗೆಮನೆಯಲ್ಲೇ ನಡೆದದ್ದು, ಗಮನಿಸಿ. ಹೆಂಗಸರ ಧರ್ಮಸಂಕಟಗಳು ಹೆಚ್ಚಾಗಿ ಮರದ ಪೆಟ್ಟಿಗೆ, ಡಬ್ಬಿ, ಕಿಸೆಯಿಂದ ತೆಗೆದಿಟ್ಟ ನೋಟು, ಮಗನ ಮದುವೆಯ ಮಾತುಕತೆ ಇವುಗಳ ಸುತ್ತಲೇ ಇರುತ್ತವೆ. ಗಂಡ ಹೆಚ್ಚಿಗೆ ತಂದದ್ದನ್ನು ಎಲ್ಲಿಂದ ಎಂದು ಕೇಳದೆ ಬೀರುವಿಗೆ ಇಟ್ಟುಕೊಂಡವಳು ಮುಂದೆ ಅವನ ಮೇಲೆ ದಾಳಿಯಾದಾಗ ಮಾಡುವ ಉಪವಾಸ, ಹರಕೆಗಳಿಗೆ ಏನರ್ಥ?

ನನ್ನ ವಾದಕ್ಕೆ ಒಂದು ಗಟ್ಟಿಯಾದ ಆಕ್ಷೇಪವಿದೆ. ನಾಳೆಯ ಚಿಂತೆ ಮಾಡಬೇಡಿರೆಂದು ಯೇಸುಸ್ವಾಮಿಯೇ ಹೇಳಿದ್ದಾರಲ್ಲ ಎಂದು ನಮ್ಮ ಸಭೆಯ ಒಬ್ಬ ಅಮ್ಮನವರು ನನ್ನನ್ನು ತಡೆದು ಕೇಳಿದರು. ಹೌದು, ಹೇಳಿದ್ದಾರೆ. ಗೋಪುರ ಕಟ್ಟುವವನು ಮೊದಲು ಕೂತು ಖರ್ಚಿನ ಲೆಕ್ಕ ಹಾಕುವುದಿಲ್ಲವೇ, ಅರ್ಧಕ್ಕೆ ನಿಂತರೆ ಜನ ನಗುವುದಿಲ್ಲವೇ ಎಂದು ಕೇಳಿದವರೂ ಅವರೇ. ಚಿಂತೆ ಬೇರೆ, ಲೆಕ್ಕ ಬೇರೆ. ಹೊಟ್ಟೆಗೆ ಏನು, ಬಟ್ಟೆಗೆ ಏನು ಎಂದು ಹೊರಳಾಡುವುದು ಚಿಂತೆ. ಹೊಟ್ಟೆಗೆ ಕಡಿಮೆಯಾದರೂ ಈ ಮಾತು ಬಿಡುವುದಿಲ್ಲ ಎಂದು ಗೆರೆ ಎಳೆದು ಮಲಗುವುದು ಲೆಕ್ಕ. ಲೆಕ್ಕ ಹಾಕಿದವರೇ ಚೆನ್ನಾಗಿ ನಿದ್ದೆ ಮಾಡುತ್ತಾರೆ, ಅಪ್ಪ ಗೊರಕೆ ಹೊಡೆಯುತ್ತಿದ್ದ.

ಸಮೀಕ್ಷೆಗೆ ಬರುತ್ತೇನೆ. ಆ ಮನೆಯಿಂದ ನಾಲ್ಕೈದು ಮನೆ ದಾಟಿ ಇನ್ನೊಂದು ಮನೆ. ಒಬ್ಬ ವಿಧವೆ, ಇಬ್ಬರು ಹೆಣ್ಣುಮಕ್ಕಳು, ಹತ್ತಿ ಬಿಡಿಸುವ ಕೂಲಿ. ಧರ್ಮ ಎಂದು ಕೇಳುತ್ತಿದ್ದಂತೆ ಬಡಿಯುತ್ತಿದ್ದ ರೊಟ್ಟಿಯಿಂದ ಕೈ ತೆಗೆಯದೆ “ಕ್ರಿಸ್ತರ್ರಿ” ಎಂದಳು. ಗೊತ್ತಿದೆಯಲ್ಲವ್ವ, ಎಂದು ನಾನೇ ತಡೆದು ಕೇಳಿದೆ, ಕೇಳಬಾರದಿತ್ತೇನೋ. ಅವಳು ತಲೆಯೆತ್ತಿ, “ದೊಡ್ಡಾಕಿ ಹಾಸ್ಟೆಲಿಗೆ ಹೋಗಿಲ್ರಿ ಅದಕ್ಕ. ಸಣ್ಣಾಕಿಗೂ ಸಿಗಂಗಿಲ್ಲ. ಅವರಪ್ಪ ಇದ್ದಾಗ್ಲೇ ಮಾತಾಡಿಟ್ಟೀವಿ” ಎಂದು ರೊಟ್ಟಿ ತಿರುವಿ ಹಾಕಿದಳು. ಅವಳ ಆ ಸಣ್ಣ ಮಗಳು ಬಾಗಿಲಲ್ಲಿ ನಿಂತಿದ್ದಳು. ಆ ಹುಡುಗಿಯ ಮುಖದಲ್ಲಿ ಏನಿತ್ತು ಎಂದು ನಾನು ಹೇಳಲಾರೆ, ಯಾಕೆಂದರೆ ಹದಿನಾರರ ನನ್ನ ಮುಖವೇ ಅಲ್ಲಿ ಕಂಡು ನಾನು ಮೊಬೈಲಿನ ಕಡೆ ಕಣ್ಣು ತಿರುಗಿಸಿದೆ. ಆ ತಾಯಿಗೆ ಅಂಚೆ ಕಚೇರಿಯ ಪಾಸ್‌ಬುಕ್ಕಿಲ್ಲ. ಅದು ಯಾರ ಕೈಯಲ್ಲಿರಬೇಕಿತ್ತು? ಭಾನುವಾರ ಕಾಣಿಕೆ ಎಣಿಸುವ ನಮ್ಮ ಸಭೆಗಳ ಕೈಯಲ್ಲಿ. ಕಾಣಿಕೆಯ ಹಣದಲ್ಲಿ ಮೊದಲು ಇಂಥ ಹುಡುಗಿಯರ ಫೀ ತೆಗೆದಿಟ್ಟು, ಆಮೇಲೆ ಮೈಕು, ಪೆಂಡಾಲು, ಗೋಪುರದ ದೀಪ ಎಂದು ಈ ಕ್ರಿಸ್ಮಸ್ಸಿಗೆ ಮೊದಲೇ ತೀರ್ಮಾನ ಮಾಡಿರೆಂದು ನಮ್ಮ ಸಭೆಯ ಕಮಿಟಿಯಲ್ಲಿ ಎದ್ದು ನಿಂತು ಕೇಳಿದೆ.

“ಒಳ್ಳೆ ವಿಚಾರ ಟೀಚರಮ್ಮ” ಎಂದರು ಹಿರಿಯರು. “ಅಂಥ ಹುಡುಗ್ಯಾರು ಕೇಳಿಕೊಂಡು ಬಂದಾಗ ನೋಡಿದ್ರಾಯ್ತು.”

ಮುಂದಿನ ಕಮಿಟಿ ಸಭೆಗೆ ನಾನು ಹಾಳೆಯ ಮೇಲೆ ಬರೆದುಕೊಂಡು ಹೋಗಲಿದ್ದೇನೆ. ಎಷ್ಟು ಹುಡುಗಿಯರು, ಎಷ್ಟು ಫೀ, ಯಾವ ತಿಂಗಳು. ಪ್ರತಿ ಜೂನಿನಲ್ಲಿ ಶಾಲೆಯಲ್ಲಿ ಕೊಡುವ ಚೀಟಿಯ ಜೊತೆ ಇದೂ ಒಂದು ಸೇರಿತು. ನಿವೃತ್ತಿಗೆ ಇನ್ನು ಮೂರು ವರ್ಷವಿದೆ.